ಪ್ರಶ್ನೋತ್ತರ: ವಿಸ್ಕಿಗಳೆಲ್ಲ ಒಂದೇ ಅಲ್ಲ

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ. ವಿದೇಶದಲ್ಲಿರುವ ಮಗ ಮತ್ತು ಸೊಸೆ ಈ ಸಲ ಊರಿಗೆ ಬಂದಾಗ ಮೂರು ಬಾಟಲಿ ವಿಸ್ಕಿ ತಂದುಕೊಟ್ಟು ಹೋದರು. ಒಂದು ಐರ್ಲೆಂಡಿನದು, ಇನ್ನೊಂದು ಅಮೆರಿಕದ ಬರ್ಬನ್, ಮತ್ತೊಂದು ಸ್ಕಾಟ್ಲೆಂಡಿನ ಐಲಾ ದ್ವೀಪದ ಸಿಂಗಲ್ ಮಾಲ್ಟ್. ಮೊದಲನೆಯದು ಹಗುರವಾಗಿದೆ, ಎರಡನೆಯದಕ್ಕೆ ವೆನಿಲಾ ಐಸ್‌ಕ್ರೀಮಿನ ಪರಿಮಳವಿದೆ. ಮೂರನೆಯದರ ಮುಚ್ಚಳ ತೆಗೆದರೆ ಆಸ್ಪತ್ರೆಯ ವಾರ್ಡಿನ ವಾಸನೆ ಬರುತ್ತದೆ. ಅದು ಕೆಟ್ಟುಹೋಗಿದೆಯೇ? ಇಷ್ಟು ಬೇರೆಬೇರೆಯಾಗಿರುವ ಮೂರನ್ನೂ ವಿಸ್ಕಿ ಎಂದೇ ಕರೆಯುವುದೇಕೆ?
— ಓದುಗರು, ದಾವಣಗೆರೆ

ಉತ್ತರ: ಕೆಟ್ಟಿಲ್ಲ, ದಯವಿಟ್ಟು ಚೆಲ್ಲಬೇಡಿ. ಆ ಬಾಟಲಿಗೆ ಕೊಟ್ಟಿರುವ ಹಣದಲ್ಲಿ ಒಂದು ಪಾಲು ಆ ವಾಸನೆಗೇ ಸಂದಿದೆ. ತಮ್ಮ ಮೂಗು ಗುರುತಿಸಿದ್ದೂ ಸರಿಯಾಗಿಯೇ ಇದೆ. ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ 1865ರಲ್ಲಿ ಗಾಯಗಳು ಕೀವಾಗದಂತೆ ತಡೆಯಲು ಬಳಸಿದ ಕಾರ್ಬಾಲಿಕ್ ಆಮ್ಲವೆಂದರೆ ಫಿನಾಲ್. ನಮ್ಮ ತಲೆಮಾರಿನವರು ಬಾಲ್ಯದಲ್ಲಿ ಮೈಗೆ ತಿಕ್ಕಿಕೊಂಡ ಕೆಂಪು ಲೈಫ್‌ಬಾಯ್ ಸಾಬೂನಿನ ವಾಸನೆಯೂ ಅದೇ ಬಳಗದ್ದು. ಐಲಾ ವಿಸ್ಕಿಯೊಳಗೆ ಈ ಫಿನಾಲ್ ಬಳಗ ಬರುವುದು ಹೊಗೆಯಿಂದ.

ಇದಕ್ಕೆ ಮೂಲದಿಂದಲೇ ಹೊರಡಬೇಕು. ಮನೆಯಲ್ಲಿ ಮಗುವಿಗೆ ಸರಿ ಮಾಡಲು ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಬೀಸುವುದನ್ನು ತಾವು ನೋಡಿರುತ್ತೀರಿ. ಮೊಳಕೆಯೊಡೆದ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ರಾಗಿ ಸರಿ ಮಗುವಿಗೆ ಸುಲಭವಾಗಿ ಜೀರ್ಣವಾಗುವುದಕ್ಕೂ, ಬಾರ್ಲಿಯ ಹಿಟ್ಟಿನಿಂದ ಸಿಹಿನೀರು ತೆಗೆದು ಅದಕ್ಕೆ ಯೀಸ್ಟ್ ಹಾಕಿ ಹುದುಗಿಸುವುದಕ್ಕೂ ಕಾರಣ ಒಂದೇ. ಹೀಗೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್; ಬರಿ ಅದರಿಂದ ಒಂದೇ ಕಾರ್ಖಾನೆಯಲ್ಲಿ ತಯಾರಾದ ವಿಸ್ಕಿ ಸಿಂಗಲ್ ಮಾಲ್ಟ್. ಐಲಾದಲ್ಲಿ ಮರಗಳು ವಿರಳ; ಸಾವಿರಾರು ವರ್ಷ ಜೌಗಿನಲ್ಲಿ ಅರೆಕೊಳೆತು ಗಟ್ಟಿಯಾದ ಪಾಚಿ, ಹುಲ್ಲು, ಪೊದೆಗಳ ಮಣ್ಣು ಮಾತ್ರ ಧಾರಾಳ. ಪೀಟ್ ಎನ್ನುವ ಈ ಮಣ್ಣನ್ನು ಇಟ್ಟಿಗೆಯಂತೆ ಕಡಿದು, ಒಣಗಿಸಿ, ಅದರ ಹೊಗೆಯಲ್ಲಿ ಹಸಿ ಮಾಲ್ಟನ್ನು ಒಣಗಿಸುತ್ತಾರೆ. ಹೊಗೆಯ ಫಿನಾಲ್ ಕಾಳಿನ ಸಿಪ್ಪೆಗೆ ಹಿಡಿದು, ಹುದುಗಿದಾಗಲೂ ಬಟ್ಟಿ ಇಳಿಸಿದಾಗಲೂ ಪೂರ್ತಿ ಬಿಟ್ಟುಹೋಗದೆ, ಹತ್ತು ವರ್ಷ ಪೀಪಾಯಿಯಲ್ಲಿ ಮಲಗಿದ ಮೇಲೂ ತಮ್ಮ ಮೂಗಿಗೆ ತಾಗುತ್ತದೆ. ಹಾಗೆಂದು ಐಲಾದ ವಿಸ್ಕಿಯೆಲ್ಲ ಹೊಗೆಯೆಂದು ತಿಳಿಯಬಾರದು. ಆರ್ಡ್‌ಬೆಗ್, ಲಫ್ರೋಯಿಗ್, ಲಾಗವೂಲಿನ್ ಹೊಗೆಗೆ ಹೆಸರಾದವು. ಅದೇ ದ್ವೀಪದ ಬುನ್ನಹಾವನ್ ಬಹುಮಟ್ಟಿಗೆ ಹೊಗೆಯಿಲ್ಲದ ಮಾಲ್ಟಿನಿಂದಲೇ ತಯಾರಾಗುತ್ತದೆ. ಊರಿನ ಹೆಸರು ನೋಡಿ ರುಚಿ ಊಹಿಸುವುದು ಅಷ್ಟಕ್ಕಷ್ಟೇ.

ಬರ್ಬನ್ನಿನ ವೆನಿಲಾ ಪರಿಮಳಕ್ಕೆ ಕಾರಣ ಕಾಳಿಗಿಂತ ಹೆಚ್ಚಾಗಿ ಮರ. ಅಮೆರಿಕದ ಕಾನೂನಿನಂತೆ ಬರ್ಬನ್ನಿಗೆ ಬಳಸುವ ಧಾನ್ಯದಲ್ಲಿ ಕನಿಷ್ಠ ಶೇ 51ರಷ್ಟು ಮೆಕ್ಕೆಜೋಳ ಇರಬೇಕು. ತಮ್ಮ ಊರಿನ ಮಾರುಕಟ್ಟೆಯಲ್ಲಿ ರಾಶಿ ರಾಶಿ ಬೀಳುವ ಬೆಳೆಯೇ ಅದು, ಪರಿಚಯ ಬೇಕಿಲ್ಲ. ಅದಕ್ಕಿಂತ ಮುಖ್ಯವಾದ ಷರತ್ತೆಂದರೆ, ಇಳಿಸಿದ ಮದ್ಯವನ್ನು ಒಳಮೈ ಸುಟ್ಟು ಕರಿದಾಗಿಸಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಬೆಂಕಿ ತಾಗಿದ ಓಕ್ ಮರದ ಲಿಗ್ನಿನ್ ಒಡೆದಾಗ ವೆನಿಲಿನ್ ಹುಟ್ಟುತ್ತದೆ, ಮರದೊಳಗಿನ ಸಕ್ಕರೆಗಳು ಕರಗಿ ಪಾಕದಂತಾಗುತ್ತವೆ, ಕೆಲವು ಲ್ಯಾಕ್ಟೋನ್‌ಗಳು ಒಣಕೊಬ್ಬರಿಯ ವಾಸನೆ ಕೊಡುತ್ತವೆ. ಹೊಸ ಮರವಾದ್ದರಿಂದ ಇದೆಲ್ಲ ಎರಡು, ನಾಲ್ಕು ವರ್ಷದಲ್ಲೇ ಧಾರಾಳವಾಗಿ ಮದ್ಯಕ್ಕೆ ಇಳಿಯುತ್ತದೆ. ಒಮ್ಮೆ ಬಳಸಿದ ಪೀಪಾಯಿಯಲ್ಲಿ ಮತ್ತೆ ಬರ್ಬನ್ ತುಂಬುವಂತಿಲ್ಲ. ಅವು ಹಡಗು ಹತ್ತಿ ಸ್ಕಾಟ್ಲೆಂಡಿಗೂ ಐರ್ಲೆಂಡಿಗೂ ನಮ್ಮ ಬೆಂಗಳೂರಿಗೂ ಬರುತ್ತವೆ. ಚಹಾಪುಡಿಯನ್ನು ಎರಡನೇ ಸಲ ಕುದಿಸಿದಾಗ ಕಡುಪು ಕಡಿಮೆಯಾಗಿ ಎಲೆಯ ನವಿರು ಉಳಿಯುವಂತೆ, ಹಳೆಯ ಪೀಪಾಯಿಯಲ್ಲಿ ಮರದ ಅಬ್ಬರ ಕಡಿಮೆಯಾಗಿ ಕಾಳಿನ ಗುಣ ಮೇಲೆ ಕಾಣುತ್ತದೆ. ಸ್ಕಾಚ್ ಮತ್ತು ಬರ್ಬನ್ನಿನ ನಡುವಿನ ವ್ಯತ್ಯಾಸದ ಅರ್ಧ ಕಥೆ ಈ ಪೀಪಾಯಿಯದೇ, ಅದನ್ನು ಬರೆದದ್ದು ರುಚಿಗಾರರಲ್ಲ, ಕಾನೂನು.

ಐರಿಷ್ ವಿಸ್ಕಿ ಹಗುರವಾಗಿರುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಮೂರು ಬಾರಿ ಬಟ್ಟಿ ಇಳಿಸುವ ಪದ್ಧತಿ. ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟನ್ನು ತಾಮ್ರದ ಹಂಡೆಗಳಲ್ಲಿ ಬಹುಪಾಲು ಎರಡು ಸಲ ಇಳಿಸುತ್ತಾರೆ. ಮೂರನೆಯ ಸಲ ಇಳಿಸಿದಾಗ ಭಾರವಾದ ಅಂಶಗಳು ಇನ್ನಷ್ಟು ಹಿಂದೆ ಉಳಿಯುತ್ತವೆ. ಆದರೆ ಐರ್ಲೆಂಡಿನ ನಿಜವಾದ ವೈಶಿಷ್ಟ್ಯ ಅದಲ್ಲವೆಂದು ನನ್ನ ಅಭಿಪ್ರಾಯ. 1785ರಲ್ಲಿ ಮಾಲ್ಟಿನ ಮೇಲೆ ತೆರಿಗೆ ಬಿದ್ದಾಗ ಅಲ್ಲಿಯವರು ಮೊಳಕೆ ಬರಿಸದ ಹಸಿ ಬಾರ್ಲಿಯನ್ನೂ ಮಾಲ್ಟಿನೊಂದಿಗೆ ಬೆರೆಸತೊಡಗಿದರು. ತೆರಿಗೆ ತಪ್ಪಿಸಲು ಹೂಡಿದ ಉಪಾಯ ನಾಲಿಗೆಗೆ ಬೆಣ್ಣೆಯಂತಹ ಮಂದವನ್ನೂ ಕಾಳುಮೆಣಸಿನಂತಹ ಸಣ್ಣ ಖಾರವನ್ನೂ ತಂದುಕೊಟ್ಟು, ‘ಪಾಟ್ ಸ್ಟಿಲ್’ ಎಂಬ ಹೆಸರಿನಲ್ಲಿ ಇಂದು ಆ ದೇಶದ ಹೆಮ್ಮೆಯ ಶೈಲಿಯಾಗಿದೆ. ತಮ್ಮ ಬಾಟಲಿಯ ಲೇಬಲ್ಲಿನಲ್ಲಿ ಆ ಎರಡು ಪದಗಳಿವೆಯೇ ನೋಡಿ. ಇಲ್ಲದಿದ್ದರೆ ಅದು ಗ್ರೇನ್ ವಿಸ್ಕಿ, ಅಂದರೆ ಮೆಕ್ಕೆಜೋಳ, ಗೋಧಿಯಂತಹ ಧಾನ್ಯದಿಂದ ಇಳಿಸಿದ ಹಗುರ ವಿಸ್ಕಿ, ಬೆರೆಸಿದ ಬ್ಲೆಂಡ್ ಆಗಿರಬಹುದು, ಹಗುರತನಕ್ಕೆ ಅದೇ ಕಾರಣವೂ ಆಗಿರಬಹುದು.

ಇನ್ನೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಬಿಡುವಿಲ್ಲದೆ ಅಗ್ಗವಾಗಿ ಮದ್ಯ ಇಳಿಸುವ ಎತ್ತರದ ಕಂಬದಂತಹ ಯಂತ್ರಕ್ಕೆ 1830ರಲ್ಲಿ ಪೇಟೆಂಟ್ ಪಡೆದವನು ಏನಿಯಸ್ ಕಾಫಿ. ಅವನು ಐರ್ಲೆಂಡಿನವನು, ಅದರಲ್ಲೂ ಅಬಕಾರಿ ಅಧಿಕಾರಿಯಾಗಿದ್ದವನು. ಅವನ ಊರಿನ ದೊಡ್ಡ ತಯಾರಕರು ಆ ಯಂತ್ರದಿಂದ ಬಂದದ್ದು ವಿಸ್ಕಿಯೇ ಅಲ್ಲವೆಂದು ಮೂಗು ಮುರಿದರು. ಸ್ಕಾಟರು ಅದನ್ನು ಅಪ್ಪಿಕೊಂಡು, ಅದರ ಹಗುರ ಮದ್ಯದೊಂದಿಗೆ ಮಾಲ್ಟನ್ನು ಬೆರೆಸಿ, ಬ್ಲೆಂಡೆಡ್ ಸ್ಕಾಚನ್ನು ಜಗತ್ತಿಗೆಲ್ಲ ಮಾರಿದರು. 1980ರ ದಶಕದ ಆರಂಭದ ಹೊತ್ತಿಗೆ ಐರ್ಲೆಂಡಿನ ಇಡೀ ದ್ವೀಪದಲ್ಲಿ ವಿಸ್ಕಿ ಕಾರ್ಖಾನೆಗಳೆಂದು ಉಳಿದಿದ್ದವು ಎರಡೇ, ಮಿಡಲ್ಟನ್ ಮತ್ತು ಬುಷ್‌ಮಿಲ್ಸ್.

ಮೂರಕ್ಕೂ ಒಂದೇ ಹೆಸರು ಏಕೆಂದರೆ ಮೂರೂ ಧಾನ್ಯದಿಂದ ಹುದುಗಿಸಿ, ಬಟ್ಟಿ ಇಳಿಸಿ, ಮರದಲ್ಲಿ ಇಟ್ಟು ಮಾಗಿಸಿದವು. ಅಷ್ಟೇ ಸಂಬಂಧ. ದೋಸೆ, ಇಡ್ಲಿ, ಪಡ್ಡುಗಳ ನಡುವೆ ಇರುವಷ್ಟು.

ಪ್ರಶ್ನೆ: ಮನೆಯಲ್ಲೇ ಎರಡು ಮೂರು ಬಗೆಗಳನ್ನು ಹೋಲಿಸಿ ನೋಡುವ ಕ್ರಮವೇನು? ನೀರು ಬೆರೆಸಿದರೆ ರುಚಿ ಹಾಳಾಗುತ್ತದೆ ಎನ್ನುವುದು ನಿಜವೇ?
— ಓದುಗರು, ಕಲಬುರಗಿ

ಉತ್ತರ: ಹೋಲಿಸುವುದೆಂದರೆ ಕುಡಿಯುವುದಲ್ಲ, ಹೆಚ್ಚಿನ ಕೆಲಸ ಮೂಗಿನದು. ಪ್ರತಿಯೊಂದರಲ್ಲಿ ಅರ್ಧ ಸ್ಮಾಲ್, ಅಂದರೆ 15 ಮಿಲಿಲೀಟರ್ ಸಾಕು. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿರುವುದರಿಂದ, ಅಷ್ಟರಲ್ಲೇ ಮುಗಿಸುವುದು ಎಲ್ಲ ದೃಷ್ಟಿಯಿಂದಲೂ ಮೇಲು. ಹೊಟ್ಟೆ ಕೆಳಗೆ ಅಗಲವಾಗಿ ಬಾಯಿ ಕಿರಿದಾದ ಗಾಜಿನ ಲೋಟಗಳನ್ನು ಆರಿಸಿಕೊಳ್ಳಿ, ಸ್ಟೀಲ್ ಲೋಟ ಬೇಡ. ಹಗುರವಾದದ್ದನ್ನು ಮೊದಲು, ಸಿಹಿಯಾದದ್ದನ್ನು ಆಮೇಲೆ, ಹೊಗೆಯದನ್ನು ಕಟ್ಟಕಡೆಗೆ ಇಡಬೇಕು. ಕ್ರಮ ತಿರುಗಿಸಿದರೆ ಹೊಗೆಯ ಮುಂದೆ ಐರಿಷ್ ವಿಸ್ಕಿ ಬರಿಯ ನೀರಿನಂತೆ ಕಾಣುತ್ತದೆ. ಮೆಣಸಿನಕಾಯಿ ಬಜ್ಜಿಯನ್ನೂ ಖಾರದ ಮಂಡಕ್ಕಿಯನ್ನೂ ಮುಗಿದ ಮೇಲೆ ಇಟ್ಟುಕೊಳ್ಳಿ. ಈ ಮಾತಿಗೆ ನನ್ನ ಸ್ನೇಹಿತರೇ ಒಪ್ಪುವುದಿಲ್ಲವೆಂದು ಬಲ್ಲೆ.

ನೀರಿನ ಬಗ್ಗೆ ಸಂಕೋಚ ಬೇಡ. ಸ್ಕಾಟ್ಲೆಂಡಿನ ಬ್ಲೆಂಡರುಗಳೇ ಮಾದರಿಗಳನ್ನು ನೀರಿನಿಂದ ತೆಳುವಾಗಿಸಿ ಮೂಸುತ್ತಾರೆ. ಮದ್ಯದ ಪ್ರಮಾಣ ಇಳಿದಾಗ ಮೂಗಿಗೆ ಚುಚ್ಚುವ ಉರಿ ಕಡಿಮೆಯಾಗುತ್ತದೆ. ಜೊತೆಗೆ, ಹೊಗೆಯ ವಾಸನೆಗೆ ಕಾರಣವಾದ ಗ್ವಾಯಕಾಲ್ ಎಂಬ ಅಣು ತೆಳುವಾದ ದ್ರವದಲ್ಲಿ ಮೇಲ್ಮೈಯತ್ತ ಸರಿಯುತ್ತದೆಂದು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ಕುಡಿಯುವ ನೀರನ್ನು ಚಮಚದಿಂದ ನಾಲ್ಕಾರು ಹನಿ ಹಾಕುತ್ತ ಪ್ರತಿ ಸಲವೂ ಮೂಸಿ ನೋಡಿ. ಸೋಡಾ ಮತ್ತು ಮಂಜುಗಡ್ಡೆ ಸೆಕೆಗಾಲದಲ್ಲಿ ಹಿತವೇ ಹೌದು, ಹೋಲಿಕೆಗೆ ಮಾತ್ರ ಅಡ್ಡಿ. ತಣ್ಣಗಾದ ದ್ರವದಿಂದ ವಾಸನೆ ಏಳುವುದಿಲ್ಲ.

ನಾನು ಆಕಸ್ಮಿಕವಾಗಿ ಕಲಿತದ್ದನ್ನೂ ಹೇಳುತ್ತೇನೆ. ಒಮ್ಮೆ ರಾತ್ರಿ ಮೂರು ಲೋಟಗಳನ್ನು ತೊಳೆಯದೆ ಅಡುಗೆಮನೆಯ ಕಟ್ಟೆಯ ಮೇಲೆ ಹಾಗೆಯೇ ಬಿಟ್ಟಿದ್ದೆ. ಬೆಳಿಗ್ಗೆ ಕಾಫಿಗೆಂದು ಹೋದಾಗ ಮದ್ಯವೆಲ್ಲ ಆರಿಹೋಗಿ ತಳದಲ್ಲಿ ತೆಳುವಾದ ಕಂದು ಗೆರೆ ಮಾತ್ರ ಉಳಿದಿತ್ತು. ಬರ್ಬನ್ನಿನ ಲೋಟದಲ್ಲಿ ಹೊಸ ಬಡಗಿಯ ಅಂಗಡಿಯ ಮರದಪುಡಿ ಮತ್ತು ಬೆಲ್ಲದ ಪಾಕ, ಐರಿಷ್ ಲೋಟದಲ್ಲಿ ಒಣಗಿದ ಧಾನ್ಯದ ಕಣಜ, ಐಲಾದ ಲೋಟದಲ್ಲಿ ಮಳೆಗೆ ನೆಂದು ಆರಿದ ಸೌದೆಯೊಲೆಯ ಬೂದಿ. ಹಿಂದಿನ ರಾತ್ರಿ ಕಾಣದ ವ್ಯತ್ಯಾಸ ಖಾಲಿ ಲೋಟದಲ್ಲಿ ಸ್ಪಷ್ಟವಾಗಿತ್ತು. ಅಂದಿನಿಂದ ಅದೇ ನನ್ನ ಕಡೆಯ ಪರೀಕ್ಷೆ, ಖರ್ಚೂ ಇಲ್ಲ.

ಪ್ರಶ್ನೆ: ನಾವು ಅಂಗಡಿಯಲ್ಲಿ ಕೊಳ್ಳುವ ಸಾಮಾನ್ಯ ಭಾರತೀಯ ವಿಸ್ಕಿಯನ್ನು ಯುರೋಪಿನಲ್ಲಿ ವಿಸ್ಕಿ ಎಂದು ಮಾರುವಂತಿಲ್ಲ ಎಂದು ಓದಿದೆ. ಹಾಗಾದರೆ ನಾವು ಕುಡಿಯುತ್ತಿರುವುದೇನು?
— ಓದುಗರು, ಹುಬ್ಬಳ್ಳಿ

ಉತ್ತರ: ಬಹುಪಾಲು ಕಾಕಂಬಿ. ಕಬ್ಬಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವನ್ನು ಹುದುಗಿಸಿ, ಸುಮಾರು ಶೇ 96ರ ಪ್ರಮಾಣಕ್ಕೆ ಶುದ್ಧಗೊಳಿಸಿದರೆ ಕಾಳಿನ ಗುಣವೂ ಕಬ್ಬಿನ ಗುಣವೂ ಇಲ್ಲದ ತಟಸ್ಥ ಮದ್ಯಸಾರ ಸಿಗುತ್ತದೆ. ಅದಕ್ಕೆ ಒಂದಷ್ಟು ಮಾಲ್ಟ್ ಮದ್ಯವನ್ನೋ ಆಮದಾದ ಸ್ಕಾಚನ್ನೋ ಬೆರೆಸಿ, ಬಣ್ಣಕ್ಕೆ ಸುಟ್ಟ ಸಕ್ಕರೆ ಹಾಕಿ, ನೀರಿನಿಂದ ಹದ ಮಾಡಿ ಬಾಟಲಿ ತುಂಬುತ್ತಾರೆ. ಯುರೋಪಿನ ನಿಯಮದಂತೆ ವಿಸ್ಕಿ ಧಾನ್ಯದಿಂದಲೇ ಬರಬೇಕು, ಕನಿಷ್ಠ ಮೂರು ವರ್ಷ ಮರದಲ್ಲಿರಬೇಕು. ಕಬ್ಬಿನಿಂದ ಇಳಿಸಿದ್ದು ಅವರ ಲೆಕ್ಕದಲ್ಲಿ ರಮ್ಮಿನ ಕುಲಕ್ಕೆ ಹತ್ತಿರ. ಅವರ ವಾದದಲ್ಲಿ ತಮ್ಮ ಮಾರುಕಟ್ಟೆ ಕಾಯ್ದುಕೊಳ್ಳುವ ಹಟವೂ ಇದೆ, ಆದರೆ ಪದದ ಅರ್ಥದ ಮಟ್ಟಿಗೆ ನ್ಯಾಯ ಅವರ ಕಡೆಗಿದೆ. ಈಚೆಗೆ ನಮ್ಮ ತುಸು ದುಬಾರಿ ಬ್ರಾಂಡುಗಳಲ್ಲಿ ಕಾಕಂಬಿಯ ಬದಲು ಧಾನ್ಯದ ತಟಸ್ಥ ಮದ್ಯಸಾರ ಬಳಸುತ್ತಿರುವುದುಂಟು. ಲೇಬಲ್ಲಿನಲ್ಲಿ ‘ಗ್ರೇನ್ ನ್ಯೂಟ್ರಲ್ ಸ್ಪಿರಿಟ್’ ಎಂದಿದ್ದರೆ ಹಾಗೆಂದು ತಿಳಿಯಬೇಕು.

ಅದೇ ಲೇಬಲ್ಲಿನಲ್ಲಿ ಕಾಣುವ ಶೇ 42.8 ಎಂಬ ಅಂಕಿಯ ಬಗ್ಗೆ ಹಲವರು ಕೇಳುತ್ತಾರೆ. ಅದು ಬ್ರಿಟಿಷರು ಬಿಟ್ಟುಹೋದ ಲೆಕ್ಕ. ಮದ್ಯದ ಕಡುಪನ್ನು ಅಳೆಯುವ ಹಳೆಯ ಮಾನಕ್ಕೆ ಪ್ರೂಫ್ ಎನ್ನುತ್ತಾರೆ. ಅವರ 100 ಪ್ರೂಫ್ ಎಂದರೆ ಶೇ 57.1ರಷ್ಟು ಮದ್ಯಸಾರ, 75 ಪ್ರೂಫ್ ಆದಾಗ 42.8. ಅಮೆರಿಕದವರ ಪ್ರೂಫ್ ಬೇರೆ, ಅಲ್ಲಿ ಅಂಕಿಯನ್ನು ಎರಡರಿಂದ ಭಾಗಿಸಿದರೆ ಆಯಿತು. ಬರ್ಬನ್ ಬಾಟಲಿಯ ಮೇಲಿನ 90 ಪ್ರೂಫ್ ನೋಡಿ ಹೆದರಬೇಕಾಗಿಲ್ಲ, ಅದು ಶೇ 45 ಅಷ್ಟೇ.

ಪ್ರಶ್ನೆ: ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟನ್ನು ಹೊಗಳುವವರು ಬಹಳ. ಆದರೆ ಅದರ ಮೇಲೆ ಸಾಮಾನ್ಯವಾಗಿ ವಯಸ್ಸೇ ನಮೂದಾಗಿರುವುದಿಲ್ಲ, ಐದಾರು ವರ್ಷದ್ದೆಂದು ಕೇಳಿದ್ದೇನೆ. ಹನ್ನೆರಡು ವರ್ಷದ ಸ್ಕಾಚಿನ ಎದುರು ಅದು ಎಳಸಲ್ಲವೇ?
— ಓದುಗರು, ಮೈಸೂರು

ಉತ್ತರ: ವಯಸ್ಸನ್ನು ಕ್ಯಾಲೆಂಡರಿನಿಂದ ಮಾತ್ರ ಅಳೆದರೆ ಹಾಗೆ ಕಾಣುತ್ತದೆ. ಪೀಪಾಯಿ ಉಸಿರಾಡುತ್ತದೆ, ಬಿಸಿಗೆ ಮದ್ಯ ಹಿಗ್ಗಿ ಮರದೊಳಕ್ಕೆ ನುಗ್ಗುತ್ತದೆ, ತಂಪಿಗೆ ಮರದ ಸಾರ ಹೊತ್ತು ಹಿಂದಿರುಗುತ್ತದೆ, ಈ ನಡುವೆ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಹೀಗೆ ಹೋಗುವುದನ್ನು ಸ್ಕಾಟರು ‘ದೇವತೆಗಳ ಪಾಲು’ ಎನ್ನುತ್ತಾರೆ. ಅಲ್ಲಿನ ಚಳಿಯಲ್ಲಿ ದೇವತೆಗಳು ವರ್ಷಕ್ಕೆ ಸುಮಾರು ಶೇ 2ಕ್ಕೆ ತೃಪ್ತರು. ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಗೋದಾಮಿನಲ್ಲಿ ಶೇ 10ರಿಂದ 12ರಷ್ಟು ಕೇಳುತ್ತಾರೆ. 200 ಲೀಟರಿನ ಪೀಪಾಯಿಯನ್ನು ಶೇ 11ರ ಲೆಕ್ಕದಲ್ಲಿ ಇಟ್ಟು ನೋಡಿ: ಐದು ವರ್ಷಕ್ಕೆ ಸುಮಾರು 112 ಲೀಟರ್ ಉಳಿಯುತ್ತದೆ, ಹನ್ನೆರಡು ವರ್ಷ ಕಾದರೆ 49. ಸ್ಕಾಟ್ಲೆಂಡಿನಲ್ಲಿ ಅದೇ ಹನ್ನೆರಡು ವರ್ಷದ ನಂತರವೂ 157 ಲೀಟರ್ ಇರುತ್ತದೆ. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಕಾಯುವುದೆಂದರೆ ಮುಕ್ಕಾಲು ಪಾಲನ್ನು ಗಾಳಿಗೆ ಅರ್ಪಿಸಿ, ಉಳಿದದ್ದು ಮರದ ಒಗರಿನಿಂದ ಕೆಡದಿರಲೆಂದು ಹರಕೆ ಹೊರುವುದು.

ಆದ್ದರಿಂದ ಬೆಂಗಳೂರಿನ ಐದು ವರ್ಷ ಸ್ಕಾಟ್ಲೆಂಡಿನ ಹದಿನೈದು ವರ್ಷಕ್ಕೆ ಸಮ ಎಂದು ಕೆಲವರು ತಕ್ಷಣ ಗುಣಿಸಿ ಹೇಳುವುದುಂಟು; ಆ ಗುಣಾಕಾರವನ್ನು ನಾನು ಒಪ್ಪುವುದಿಲ್ಲ. ಮರದಿಂದ ಸಾರ ಇಳಿಯುವುದು ಸೆಕೆಯಲ್ಲಿ ವೇಗವಾಗುತ್ತದೆ, ಆದರೆ ಮದ್ಯ ಮತ್ತು ಗಾಳಿ ಸೇರಿ ನಿಧಾನವಾಗಿ ಹೊಸ ಪರಿಮಳಗಳು ಕೂಡುವ ಕೆಲಸ ಅದೇ ವೇಗದಲ್ಲಿ ನಡೆಯುವುದಿಲ್ಲ. ಹಣ್ಣನ್ನು ಹುಲ್ಲಿನಲ್ಲಿ ಅಡೆಹಾಕಿ ಹಣ್ಣಾಗಿಸಿದ್ದಕ್ಕೂ ಮರದಲ್ಲೇ ಮಾಗಿದ್ದಕ್ಕೂ ಇರುವ ಅಂತರದಂತೆ, ಎರಡೂ ಹಣ್ಣೇ, ರುಚಿ ಬೇರೆ. ಅಮೃತ್‌ನಲ್ಲಿ ಸಿಹಿ, ಮಸಾಲೆ, ಮರ ಮುಂದೆ ಬರುತ್ತವೆ. ಹಳೆಯ ಸ್ಕಾಚಿನಲ್ಲಿ ಒಂದರೊಳಗೊಂದು ಕರಗಿದ ಮೃದುತ್ವ ಮುಂದೆ ಬರುತ್ತದೆ. ಅಮೃತ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟರದೇ ಊರಾದ ಗ್ಲಾಸ್ಗೋದಲ್ಲಿ. ಭಾರತದ ಬಾರ್ಲಿಗೆ ಸ್ಕಾಟ್ಲೆಂಡಿನ ಹೊಗೆಯಾಡಿದ ಬಾರ್ಲಿ ಕೂಡಿಸಿದ ಅದರ ‘ಫ್ಯೂಷನ್’ ವಿಸ್ಕಿಗೆ ಬ್ರಿಟಿಷ್ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ಮಾರ್ಗದರ್ಶಿಯಲ್ಲಿ ನೂರಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿಟ್ಟ ಮೇಲೆ ಇಲ್ಲಿಯವರೂ ಅದರತ್ತ ತಿರುಗಿ ನೋಡಿದರು. ಹಿತ್ತಲ ಗಿಡದ ಕಥೆ ಎಲ್ಲ ಕಡೆಯೂ ಒಂದೇ.

ಲೇಬಲ್ಲಿನ ವಯಸ್ಸಿನ ಬಗ್ಗೆ ಒಂದು ಸ್ಪಷ್ಟನೆ: ಸ್ಕಾಚಿನ ಬಾಟಲಿಯಲ್ಲಿ 12 ಎಂದಿದ್ದರೆ ಅದರೊಳಗಿನ ಅತ್ಯಂತ ಎಳೆಯ ವಿಸ್ಕಿಗೆ 12 ವರ್ಷ ಎಂದರ್ಥ, ಸರಾಸರಿ ಅಲ್ಲ.

ಪ್ರಶ್ನೆ: ಅಮೆರಿಕದ ಬಾಟಲಿಗಳ ಮೇಲೆ ಇಂಗ್ಲಿಷಿನ ‘ಇ’ ಅಕ್ಷರ ಸೇರಿಸಿ ಬರೆದಿರುತ್ತಾರೆ, ಸ್ಕಾಚಿನ ಮೇಲೆ ಇಲ್ಲ. ಇದರಿಂದ ಶೈಲಿ ತಿಳಿಯುತ್ತದೆಯೇ?
— ಓದುಗರು, ಡಲ್ಲಾಸ್

ಉತ್ತರ: ಪೂರ್ತಿ ತಿಳಿಯುವುದಿಲ್ಲ. ಐರ್ಲೆಂಡ್ ಮತ್ತು ಅಮೆರಿಕದವರು ‘ಇ’ ಸೇರಿಸುವುದು, ಸ್ಕಾಟ್ಲೆಂಡ್, ಕೆನಡಾ, ಜಪಾನ್, ಭಾರತದವರು ಬಿಡುವುದು ರೂಢಿ. ಆದರೆ ಕೆಂಟಕಿಯ ಮೇಕರ್ಸ್ ಮಾರ್ಕ್ ಅಪ್ಪಟ ಬರ್ಬನ್ ಆಗಿದ್ದೂ ಅಕ್ಷರ ಬಿಟ್ಟೇ ಬರೆದುಕೊಳ್ಳುತ್ತದೆ. ಎರಡೂ ಹುಟ್ಟಿದ್ದು ‘ಜೀವಜಲ’ ಎಂಬ ಅರ್ಥದ ಗೇಲಿಕ್ ಪದದಿಂದ. ಕನ್ನಡದಲ್ಲಿ ಬರೆದರೆ ಈ ತಕರಾರೇ ಇಲ್ಲ.

ಪ್ರಶ್ನೆ: ‘ಸ್ಕಾಟ್’ ಎಂಬ ಪದವನ್ನು ಹೆಸರಿನಲ್ಲಿಟ್ಟುಕೊಂಡ ಭಾರತೀಯ ವಿಸ್ಕಿಯ ಮೇಲೆ ಸ್ಕಾಟ್ಲೆಂಡಿನವರು ಮೊಕದ್ದಮೆ ಹೂಡಿ ಸೋತರಂತೆ. ಹಾಗಾದರೆ ಯಾರು ಬೇಕಾದರೂ ಸ್ಕಾಚ್ ಎಂದು ಬರೆದುಕೊಳ್ಳಬಹುದೇ?
— ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಖಂಡಿತ ಇಲ್ಲ. ಸ್ಕಾಚ್ ಎನ್ನಬೇಕಾದರೆ ಅದು ಸ್ಕಾಟ್ಲೆಂಡಿನಲ್ಲೇ ತಯಾರಾಗಿ, 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಅಲ್ಲಿಯೇ ಮಾಗಿರಬೇಕು, ಆ ಹೆಸರಿಗೆ ಭಾರತದಲ್ಲೂ ಭೌಗೋಳಿಕ ಸೂಚಕದ ರಕ್ಷಣೆಯಿದೆ. ತಾವು ಕೇಳಿರುವುದು ಬೆಂಗಳೂರಿನ ಖೋಡೆಯವರ ‘ಪೀಟರ್ ಸ್ಕಾಟ್’ ಪ್ರಕರಣ. 1968ರಿಂದ ಮಾರಾಟದಲ್ಲಿದ್ದ ಆ ಹೆಸರಿನ ವಿಷಯ ಸ್ಕಾಚ್ ವಿಸ್ಕಿ ಸಂಘಕ್ಕೆ 1974ರಲ್ಲೇ ತಿಳಿದಿತ್ತು. ನೋಂದಣಿ ತಿದ್ದುವಂತೆ ಅವರು ಅರ್ಜಿ ಹಾಕಿದ್ದು 1986ರಲ್ಲಿ. ಇಷ್ಟು ವಿಳಂಬವನ್ನು ಸಮ್ಮತಿಯೆಂದೇ ಎಣಿಸಬೇಕೆಂದೂ, ಇಂತಹ ವಿಸ್ಕಿ ಕೊಳ್ಳುವವರು ಸ್ಕಾಚ್ ಯಾವುದು ಭಾರತೀಯ ವಿಸ್ಕಿ ಯಾವುದು ಎಂದು ಬಲ್ಲವರೆಂದೂ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಕಂಪನಿಯಲ್ಲಿದ್ದ ಪೀಟರ್ ಎಂಬ ತಜ್ಞರು, ತಮ್ಮ ಹೆಸರನ್ನೂ ಸ್ಕಾಟ್ಲೆಂಡಿನವರಾಗಿದ್ದ ತಮ್ಮ ತಂದೆಯ ನೆನಪನ್ನೂ ಕೂಡಿಸಿ ಆ ಹೆಸರು ಸೂಚಿಸಿದ್ದಾಗಿ ಪ್ರಮಾಣಪತ್ರ ಸಲ್ಲಿಸಿದ್ದರು. ವಿಸ್ಕಿಯ ಗುಣದ ಬಗ್ಗೆ ನ್ಯಾಯಾಲಯ ತೀರ್ಪು ಕೊಟ್ಟಿಲ್ಲ.

ಪ್ರಶ್ನೆ: ದಿವಂಗತ ಮಾವನವರ ಕಪಾಟಿನಲ್ಲಿ 1990ರ ದಶಕದ ಹನ್ನೆರಡು ವರ್ಷದ ಸ್ಕಾಚ್ ಬಾಟಲಿಯೊಂದು ಮೊಹರು ಒಡೆಯದೆ ಸಿಕ್ಕಿದೆ. ಈಗ ಅದಕ್ಕೆ ನಲವತ್ತು ವರ್ಷವಾಯಿತಲ್ಲವೇ?
— ಓದುಗರು, ಶಿವಮೊಗ್ಗ

ಉತ್ತರ: ಇಲ್ಲ, ಅದಕ್ಕೆ ಇನ್ನೂ ಹನ್ನೆರಡೇ. ಗಾಜಿಗೆ ಬಂದ ದಿನ ವಿಸ್ಕಿಯ ವಯಸ್ಸು ನಿಂತುಹೋಗುತ್ತದೆ, ಮರವಿಲ್ಲದೆ ಮಾಗುವುದಿಲ್ಲ. ಬಾಟಲಿಯನ್ನು ನೆಟ್ಟಗೆ, ಬಿಸಿಲು ಬೀಳದ ಕಡೆ ಇಟ್ಟಿದ್ದರೆ ಚೆನ್ನಾಗಿಯೇ ಇರುತ್ತದೆ. ಅಡ್ಡ ಮಲಗಿಸಿದ್ದರೆ ಮದ್ಯವು ಬಿರಡೆಯನ್ನು ಕೊರೆದು ಕೆಟ್ಟ ರುಚಿ ಇಳಿದಿರಬಹುದು. ಬೆಳಕಿಗೆ ಹಿಡಿದು ಮಟ್ಟ ನೋಡಿ, ಕುತ್ತಿಗೆಯಿಂದ ಕೆಳಗಿಳಿದು ಭುಜದ ಹತ್ತಿರ ಬಂದಿದ್ದರೆ ಒಂದಿಷ್ಟು ಆವಿಯಾಗಿದೆಯೆಂದು ತಿಳಿಯಿರಿ. ತೆರೆಯುವ ಮನಸ್ಸಾದರೆ ಹಳೆಯ ಬಿರಡೆಯನ್ನು ಒಮ್ಮೆಲೇ ಎಳೆಯದೆ, ಬಾಟಲಿಯನ್ನು ಕ್ಷಣಕಾಲ ತಲೆಕೆಳಗು ಮಾಡಿ ಅದನ್ನು ತೇವವಾಗಿಸಿ ಮೆಲ್ಲಗೆ ತಿರುಗಿಸಿ. ಆದರೂ ಮುರಿದು ಪುಡಿ ಒಳಗೆ ಬಿದ್ದರೆ ಚಹಾ ಸೋಸುವ ಜರಡಿ ಸಾಕು.